ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರ ಸಂಬಳಕ್ಕೆ ಹಣ ಹೊಂದಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಕ್ರೀಡಾ ಸಂಸ್ಥೆಗಳ ಲೆಕ್ಕಪತ್ರ ನೋಡುವವರಾದ್ದರಿಂದ ಕೇಳುತ್ತಿದ್ದೇನೆ. ಯುರೋಪಿನ ಕ್ಲಬ್ಬೊಂದು ಒಬ್ಬ ಆಟಗಾರನಿಗೆ ವಾರಕ್ಕೆ ಒಂದು ಲಕ್ಷ ಯೂರೊ ಕೊಡಲು ಒಪ್ಪಿತು ಎಂದು ಓದುತ್ತೇವೆ. ಅಷ್ಟು ಕೊಡಬಹುದೆಂದು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ವಾರದ ಲೆಕ್ಕವನ್ನು ಮೊದಲು ಬದಿಗಿಡಿ. ಲೆಕ್ಕಿಗರು ನೋಡುವುದು ಆ ಆಟಗಾರನಿಂದ ವರ್ಷಕ್ಕೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನು. ಅವನನ್ನು ಬೇರೆ ಕ್ಲಬ್ಬಿನಿಂದ 5 ಕೋಟಿ ಯೂರೊ ಕೊಟ್ಟು ತಂದು, 5 ವರ್ಷದ ಒಪ್ಪಂದ ಮಾಡಿಕೊಂಡರು ಎನ್ನಿ. ಆ ವರ್ಗಾವಣೆ ಶುಲ್ಕವನ್ನು ಲೆಕ್ಕಪುಸ್ತಕದಲ್ಲಿ ಐದು ಪಾಲು ಮಾಡುತ್ತಾರೆ. ವರ್ಷಕ್ಕೆ 1 ಕೋಟಿ. ಸಂಬಳ 52 ವಾರಕ್ಕೆ 52 ಲಕ್ಷ. ಅಲ್ಲಿಗೇ ಒಂದೂವರೆ ಕೋಟಿ ದಾಟಿತು, ಅಂದರೆ ಸಂಬಳದ ಸುಮಾರು ಮೂರು ಪಟ್ಟು. ಏಜೆಂಟರ ಶುಲ್ಕ ಮತ್ತು ಬೋನಸ್ಸು ಬೇರೆ.

ಇನ್ನು ಆದಾಯ. ಟಿವಿ ಹಕ್ಕು, ಪ್ರಾಯೋಜಕರು, ಟಿಕೆಟ್ಟು ಇವೇ ಮುಖ್ಯ ಮೂಲಗಳು. ಇವುಗಳಲ್ಲಿ ಎಷ್ಟೋ ಭಾಗ ತಂಡ ಯಾವ ಸ್ಥಾನದಲ್ಲಿ ನಿಂತಿತು ಎಂಬುದರ ಮೇಲೆ ಏರಿಳಿಯುತ್ತದೆ. ಸಂಬಳ ಮಾತ್ರ ಸಾಮಾನ್ಯವಾಗಿ ಒಪ್ಪಂದ ಮುಗಿಯುವವರೆಗೂ ಇಳಿಯದು. ಕಷ್ಟವೆಲ್ಲ ಇಲ್ಲೇ ಇದೆ. ಹಾಗಾಗಿ ಐದನೇ ಸ್ಥಾನ ಬಯಸುವ ಕ್ಲಬ್ಬು ಹನ್ನೆರಡನೇ ಸ್ಥಾನದ ಆದಾಯಕ್ಕೆ ಬಜೆಟ್ ಬರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜೊತೆಗೆ ನಿಯಮದ ಮಿತಿಯೂ ಇದೆ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ನಡೆಸುವ ಟೂರ್ನಿಗಳಲ್ಲಿ ಆಡುವ ಕ್ಲಬ್ಬುಗಳು ಸಂಬಳ, ವರ್ಗಾವಣೆ ಶುಲ್ಕದ ವಾರ್ಷಿಕ ಪಾಲು ಮತ್ತು ಏಜೆಂಟರ ವೆಚ್ಚವನ್ನು ಆದಾಯದ ಶೇ 70ರೊಳಗೆ ಇಡಬೇಕು. ಈ ಮಿತಿ ಮೊದಲು ಶೇ 90 ಇತ್ತು, ಹಂತಹಂತವಾಗಿ ಇಳಿಯಿತು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬು ಎಂಟು ವರ್ಷ ಮೀರಿದ ಒಪ್ಪಂದಗಳನ್ನು ಮಾಡಿಕೊಂಡು ವಾರ್ಷಿಕ ಪಾಲನ್ನು ತೆಳುವಾಗಿಸಿತ್ತು. 2023ರಲ್ಲಿ ಯುಇಎಫ್‌ಎ ಆ ದಾರಿ ಮುಚ್ಚಿತು: ಒಪ್ಪಂದ ಎಷ್ಟೇ ಉದ್ದವಿರಲಿ, ಶುಲ್ಕವನ್ನು ಹಂಚುವುದು ಹೆಚ್ಚೆಂದರೆ ಐದು ವರ್ಷಕ್ಕೆ.

ಇನ್ನೊಬ್ಬ ಸದಸ್ಯರು: ಮೆಸ್ಸಿ ಉಳಿಯಲು ಸಿದ್ಧರಿದ್ದರೂ ಬಾರ್ಸಿಲೋನಾ ಅವರನ್ನು ಬಿಟ್ಟುಕೊಟ್ಟದ್ದು ಇದೇ ನಿಯಮದಿಂದಲೇ?

ಉತ್ತರ: ಅಲ್ಲ, ಅದು ಸ್ಪೇನಿನ ಅಗ್ರ ಲೀಗ್ ಆದ ಲಾ ಲಿಗಾದ ನಿಯಮ. ಅಲ್ಲಿ ಋತುವಿಗೆ ಮೊದಲೇ ಪ್ರತಿ ಕ್ಲಬ್ಬಿಗೂ ಮಿತಿ ಹಾಕುತ್ತಾರೆ. ನಿರೀಕ್ಷಿತ ಆದಾಯದಲ್ಲಿ ಇತರ ಖರ್ಚು ಮತ್ತು ಸಾಲದ ಕಂತನ್ನು ಕಳೆದು ಉಳಿದದ್ದಷ್ಟೇ ತಂಡಕ್ಕೆ. 2021ರ ಆಗಸ್ಟಿನಲ್ಲಿ ಹೊಸ ಒಪ್ಪಂದಕ್ಕೆ ಇಬ್ಬರೂ ಒಪ್ಪಿದ್ದರೂ ಆ ಮಿತಿಯೊಳಗೆ ಮೆಸ್ಸಿಯವರ ಹೆಸರು ನೋಂದಾಯಿಸಲು ಕ್ಲಬ್ಬಿಗೆ ಆಗಲಿಲ್ಲ.

ಪ್ರಶ್ನೆ ಕೇಳಿದವರು: ತಂಡ ಕೆಳಗಿನ ದರ್ಜೆಗೆ ಜಾರಿದರೆ ಸಂಬಳದ ಗತಿ?

ಉತ್ತರ: ಜಾರಿದರೆ ಸಂಬಳ ತಾನಾಗಿ ಕಡಿಮೆಯಾಗಬೇಕೆಂಬ ಷರತ್ತನ್ನು ಹಲವು ಕ್ಲಬ್ಬುಗಳು ಒಪ್ಪಂದದಲ್ಲೇ ಸೇರಿಸುತ್ತವೆ. ಸೇರಿಸದವರ ಪಾಡು ಕಷ್ಟ. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬನ್ನು ನೆನಪಿಸಿಕೊಳ್ಳಿ. 2001ರಲ್ಲಿ ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿದ ತಂಡ ಅದು. ಮುಂದೆಯೂ ಆ ಟೂರ್ನಿಯ ಹಣ ಬರುತ್ತದೆಂದು ನಂಬಿ ಸಾಲ ಮಾಡಿ ಆಟಗಾರರನ್ನು ತಂದರು. ಅದಾದ ಮೇಲೆ ಅರ್ಹತೆಯೇ ದಕ್ಕಲಿಲ್ಲ. 2002ರಲ್ಲಿ ತಾರಾ ಆಟಗಾರ ರಿಯೋ ಫರ್ಡಿನೆಂಡ್ ಅವರನ್ನು ಮಾರಿದರು, 2004ರಲ್ಲಿ ತಂಡ ಕೆಳದರ್ಜೆಗೆ ಬಿತ್ತು, ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಮರಳಲು 2020 ಆಯಿತು. ಇಂಥ ಬಜೆಟ್ ನನ್ನ ಮೇಜಿಗೆ ಬಂದರೆ ಸಹಿ ಹಾಕುವುದಿಲ್ಲ.

ಮತ್ತೊಬ್ಬರು: ಅಕಾಡೆಮಿಯಲ್ಲಿ ಬೆಳೆದ ಹುಡುಗರನ್ನೇ ಏಕೆ ಮಾರುತ್ತಾರೆ ಮೇಡಂ?

ಉತ್ತರ: ಅವರನ್ನು ಕೊಂಡು ತಂದದ್ದಲ್ಲವಾದ್ದರಿಂದ ಲೆಕ್ಕಪುಸ್ತಕದಲ್ಲಿ ಅವರ ಬೆಲೆ ಸೊನ್ನೆ. 3 ಕೋಟಿಗೆ ಮಾರಿದರೆ ಅಷ್ಟೂ ಆ ವರ್ಷದ ಲಾಭವೇ. ಮೇಲೆ ಹೇಳಿದ 5 ಕೋಟಿಯ ಆಟಗಾರನನ್ನು ಮೂರು ವರ್ಷದ ನಂತರ ಅದೇ 3 ಕೋಟಿಗೆ ಮಾರಿದರೆ, ಇನ್ನೂ ಉಳಿದಿರುವ 2 ಕೋಟಿ ಕಳೆದು ಲಾಭ 1 ಕೋಟಿ ಮಾತ್ರ. ಎಂಟನೇ ವಯಸ್ಸಿನಿಂದ ಆ ಅಂಗಿ ತೊಟ್ಟು ಬೆಳೆದ ಹುಡುಗನ ಹೆಸರೇ ಮಾರಾಟದ ಪಟ್ಟಿಯಲ್ಲಿ ಮೊದಲು ಕಾಣುವುದು ನನಗೆ ನೋವಿನ ಸಂಗತಿ. ನಿಯಮ ರೂಪಿಸುವವರು ಇದನ್ನು ತಿದ್ದಬೇಕು.