ಕುಡಿ ಚಿವುಟಿದರೂ ಮೇಲಿನ ಎರಡೇ ಮೊಗ್ಗು ಚಿಗುರಿದ್ದೇಕೆ?

ಹಸಿರೆಲೆ:
ನನ್ನ ದಾಸವಾಳ ಕವಲೇ ಇಲ್ಲದೆ ಕೋಲಿನ ಹಾಗೆ ನೆಟ್ಟಗೆ ಬೆಳೀತಿತ್ತು. ಪೊದೆಯಾಗಲಿ ಅಂತ ಕುಡಿ ಚಿವುಟಿದೆ. ಚಿವುಟಿದ ಜಾಗದ ಕೆಳಗೇ ಇದ್ದ ಎರಡು ಗೆಣ್ಣುಗಳಲ್ಲಿ ಮಾತ್ರ ಚಿಗುರು ಬಂತು, ಅವೂ ಜೋರಾಗಿ ಮೇಲೆದ್ದವು. ಅದರ ಕೆಳಗೆ ಪ್ರತಿ ಎಲೆಯ ಕಂಕುಳಲ್ಲೂ ಪುಟ್ಟ ಮೊಗ್ಗು ಕಾಣುತ್ತೆ, ಒಣಗಿಲ್ಲ, ಆದರೆ ಅಲುಗಾಡ್ತಿಲ್ಲ. ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಮೊಗ್ಗುಗಳನ್ನು ತಡೆಯುತ್ತೆ ಅಂತ ಓದಿದ್ದೆ. ತುದಿಯೇ ಹೋದ ಮೇಲೆ ಎಲ್ಲವೂ ಚಿಗುರಬೇಕಿತ್ತಲ್ಲ? ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ಸಿಂಪಡಿಸಿದರೆ ಉಪಯೋಗ ಆಗುತ್ತಾ?

ತೋಟದ ದಾರಿ:
ಗಿಡ ಎಲ್ಲಿದೆ? ಕೆಳಗಿನ ಗೆಣ್ಣುಗಳಿಗೆ ಬಿಸಿಲು ತಾಗದಿದ್ದರೆ ಎಷ್ಟು ಚಿವುಟಿದರೂ ಅಷ್ಟೇ.

ಗೆಣ್ಣು:
ಸಸ್ಯಶಾಸ್ತ್ರ ಪಾಠ ಮಾಡೋಳು ನಾನು. ಪ್ರತಿ ವರ್ಷ ವಿದ್ಯಾರ್ಥಿಗಳಿಂದ ಬಟಾಣಿ ಗಿಡದ ತುದಿ ಕತ್ತರಿಸಿಸ್ತೀನಿ. ಕೆಲವು ಗಿಡಗಳ ಕತ್ತರಿಸಿದ ಬಾಯಿಗೆ ಆಕ್ಸಿನ್ ಬೆರೆಸಿದ ಲೇಪ ಹಚ್ಚಿಸ್ತೀನಿ, ಉಳಿದವಕ್ಕೆ ಬರೀ ಲೇಪ. ಆಕ್ಸಿನ್ ಹಚ್ಚಿದ ಗಿಡದಲ್ಲಿ ಮೊಗ್ಗು ಸುಮ್ಮನಿರುತ್ತೆ, ಇನ್ನೊಂದರಲ್ಲಿ ಚಿಗುರುತ್ತೆ. ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಇದೇ ಬಗೆಯ ಪ್ರಯೋಗವನ್ನು 1930ರ ದಶಕದಲ್ಲಿ ಬ್ರಾಡ್ ಬೀನ್ ಎಂಬ ಅವರೆಯಂಥ ಗಿಡದ ಮೇಲೆ ಮಾಡಿ ತೋರಿಸಿದ್ದರು. ನೀವು ಓದಿದ್ದು ಅಲ್ಲಿಂದಲೇ ಬಂದಿದ್ದು.

ಆದರೆ ಪಠ್ಯಪುಸ್ತಕ ಅಲ್ಲಿಗೇ ನಿಲ್ಲಿಸಿಬಿಡುತ್ತೆ, ಅದೇ ನನಗೆ ಬೇಸರ. ತುದಿಯ ಆಕ್ಸಿನ್ ಕಾಂಡದಲ್ಲಿ ಇಳಿದುಹೋಗುತ್ತೆ, ಮೊಗ್ಗಿನ ಒಳಕ್ಕೆ ಹೋಗುವುದೇ ಇಲ್ಲ! ಒಳಗೆ ಹೋಗದೆ ತಡೆಯುವುದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ.

ಒಂದು ಉತ್ತರ ಹೀಗಿದೆ. ಆಕ್ಸಿನ್ನನ್ನು ಕೋಶದಿಂದ ಹೊರಕ್ಕೆ ದಾಟಿಸುವ ಪಿನ್ ಎಂಬ ಪ್ರೋಟೀನುಗಳು ಹೆಚ್ಚಾಗಿ ಕೋಶದ ಕೆಳಬದಿಯಲ್ಲೇ ಕೂತಿರುತ್ತವೆ. ಹಾಗಾಗಿ ಹರಿವು ಒಂದೇ ದಿಕ್ಕಿಗೆ, ಗಂಟೆಗೆ ಸುಮಾರು 1 ಸೆಂ.ಮೀ. ವೇಗದಲ್ಲಿ. ಮೊಗ್ಗು ಬೆಳೆಯಬೇಕಾದರೆ ತಾನು ತಯಾರಿಸಿದ ಆಕ್ಸಿನ್ನನ್ನೂ ಇದೇ ಕಾಂಡಕ್ಕೆ ಬಿಡಬೇಕು. ತುಂಬಿ ಹರಿಯುವ ಕಾಲುವೆಗೆ ಪಕ್ಕದ ತೂಬಿನ ನೀರು ಸೇರಲಾಗದ ಹಾಗೆ, ಕಾಂಡ ಭರ್ತಿಯಾಗಿದ್ದರೆ ಮೊಗ್ಗಿಗೆ ದಾರಿ ಸಿಗಲ್ಲ. ಈಗ ನಿಮ್ಮ ಗಿಡ ನೋಡಿ. ಕುಡಿ ಹೋಯಿತು, ಕಾಂಡ ಬರಿದಾಯಿತು, ಮೇಲಿನ ಎರಡು ಮೊಗ್ಗು ಮೊದಲು ಎದ್ದವು. ಎದ್ದ ಚಿಗುರಿನ ಎಳೆಎಲೆಗಳೇ ಆಕ್ಸಿನ್ ತಯಾರಿಸತೊಡಗಿದವು, ಕಾಂಡ ಮತ್ತೆ ತುಂಬಿತು. ಕೆಳಗಿನವುಗಳ ಪಾಲಿಗೆ ಒಂದು ತುದಿ ಹೋಗಿ ಎರಡು ತುದಿ ಬಂದ ಹಾಗಾಯಿತು.

ಇದೊಂದೇ ಕಾರಣವೂ ಅಲ್ಲ. ಆಕ್ಸಿನ್ ಇದ್ದಾಗ ಕಾಂಡದಲ್ಲಿ ಸೈಟೊಕೈನಿನ್ ತಯಾರಿ ತಗ್ಗುತ್ತೆ. ಮೊಗ್ಗನ್ನು ಎಬ್ಬಿಸುವ ಹಾರ್ಮೋನು ಅದೇ. ಜೊತೆಗೆ ಸ್ಟ್ರೈಗೋಲ್ಯಾಕ್ಟೋನ್ ಹೆಚ್ಚುತ್ತೆ, ಅದು ಮಲಗಿಸುವಂಥದ್ದು. ಸ್ಟ್ರೈಗೋಲ್ಯಾಕ್ಟೋನಿನ ಕಥೆ ನನಗೆ ಬಹಳ ಇಷ್ಟ. 1966ರಲ್ಲಿ ಹತ್ತಿಯ ಬೇರಿನ ಸ್ರಾವದಲ್ಲಿ ಸಿಕ್ಕಾಗ, ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವನ್ನು ಮೊಳೆಯಿಸುವ ವಸ್ತು ಅಂತಷ್ಟೇ ಗೊತ್ತಿತ್ತು. ಬೇರಿಗೆ ನೆರವಾಗುವ ಶಿಲೀಂಧ್ರವನ್ನು ಕರೆಯುವ ಸಂಕೇತವೂ ಅದೇ ಅಂತ 2005ರಲ್ಲಿ ತಿಳಿಯಿತು. 2008ರಲ್ಲಿ ಎರಡು ತಂಡಗಳು, ಇದನ್ನು ತಯಾರಿಸಲಾಗದ ಗಿಡಗಳು ವಿಪರೀತ ಕವಲೊಡೆಯುತ್ತವೆ ಅಂತ ತೋರಿಸಿದವು. ಮಣ್ಣಲ್ಲಿ ರಂಜಕ ಕಡಿಮೆಯಾದಾಗ ಬೇರು ಇದನ್ನು ಹೆಚ್ಚು ತಯಾರಿಸುತ್ತೆ: ಕೆಳಗೆ ಶಿಲೀಂಧ್ರಕ್ಕೆ ಕರೆ, ಮೇಲೆ ಕವಲಿಗೆ ಕಡಿವಾಣ. ಒಂದೇ ಅಣುವಿನಿಂದ ಎರಡು ಕೆಲಸ.

ಇನ್ನು ಸಕ್ಕರೆ. ಬಟಾಣಿಯಲ್ಲಿ ತುದಿ ಕತ್ತರಿಸಿದಾಗ, ಆಕ್ಸಿನ್ ಕೊರತೆ ಅಷ್ಟು ಕೆಳಗೆ ಮುಟ್ಟುವ ಮೊದಲೇ ಕೆಳಗಿನ ಮೊಗ್ಗು ಉಬ್ಬಲು ಶುರುವಾಗಿರುತ್ತೆ. ತುದಿ ಹೀರಿಕೊಳ್ಳುತ್ತಿದ್ದ ಸಕ್ಕರೆ ಮೊಗ್ಗುಗಳತ್ತ ತಿರುಗುವುದೇ ಮೊದಲ ಸೂಚನೆ ಅಂತ 2014ರ ಅಧ್ಯಯನವೊಂದು ವಾದಿಸಿತು. ನಿಮ್ಮ ಗಿಡದಲ್ಲಿ ಆ ಸಕ್ಕರೆಯ ದೊಡ್ಡ ಪಾಲು ಈಗ ಎರಡು ಹೊಸ ಚಿಗುರಿಗೆ ಹೋಗ್ತಿದೆ.

ಬಿಸಿಲಿನ ಬಗ್ಗೆ ತೋಟದ ದಾರಿಯವರು ಹೇಳಿದ್ದು ಸರಿ. ಎಲೆಗಳ ಮೂಲಕ ಸೋಸಿ ಬಂದ ಬೆಳಕಲ್ಲಿ ಕೆಂಪು ಕಡಿಮೆ, ದೂರಗೆಂಪು (ಕೆಂಪಿನಾಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು) ಜಾಸ್ತಿ. ಮೊಗ್ಗು ಅದನ್ನು 'ನೆರಳು' ಅಂತ ಓದಿಕೊಂಡು ಮಲಗೇ ಇರುತ್ತೆ.

ಜಿಬ್ಬರೆಲಿನ್ ಬೇಡ. ಅದು ಗೆಣ್ಣುಗಳ ನಡುವಿನ ಅಂತರವನ್ನು ಉದ್ದ ಮಾಡುತ್ತೆ. ಅದರ ಜಾಡು ಸಿಕ್ಕಿದ್ದೇ, ಶಿಲೀಂಧ್ರ ಹತ್ತಿ ಮಿತಿಮೀರಿ ಉದ್ದಕ್ಕೆ ಬೆಳೆದು ಬೀಳುತ್ತಿದ್ದ ಭತ್ತದ ಸಸಿಗಳಿಂದ. ಕೋಲಿನಂಥ ಗಿಡ ಇನ್ನೂ ಕೋಲಾಗುತ್ತೆ.

ಹಸಿರೆಲೆ:
ತುಂಬಾ ಥ್ಯಾಂಕ್ಸ್ ಮೇಡಂ. ಗಿಡ ಗೋಡೆ ಪಕ್ಕ ಇದೆ, ಬುಡಕ್ಕೆ ಬಿಸಿಲು ಕಡಿಮೆಯೇ. ಹಾಗಾದರೆ ಆ ಎರಡು ಹೊಸ ಚಿಗುರನ್ನೂ ಚಿವುಟಲಾ?

ಗೆಣ್ಣು:
ಮೊದಲು ಬೆಳಕಿಗೆ ಸರಿಸಿ. ಚಿಗುರಿನಲ್ಲಿ ಮೂರ್ನಾಲ್ಕು ಎಲೆ ಬಲಿತ ಮೇಲೆ ಅವುಗಳ ಕುಡಿ ತೆಗೀರಿ, ಅವೂ ಕವಲೊಡೆಯುತ್ತವೆ. ಬುಡದಿಂದಲೇ ಕವಲು ಬೇಕಿದ್ದರೆ ಕುಡಿ ಚಿವುಟಿದರೆ ಸಾಲದು, ಕಾಂಡವನ್ನೇ ಕೆಳಗೆ ಸವರಬೇಕು. ಯಾವ ಗೆಣ್ಣಿನಿಂದ ಕವಲು ಬೇಕೋ ಅದರ ಸ್ವಲ್ಪ ಮೇಲೆ ಕತ್ತರಿಸಿ.

ತೋಟದ ದಾರಿ:
ಅಷ್ಟು ಸವರೋಕೆ ಮನಸ್ಸು ಬಾರದಿದ್ದರೆ ಎರಡು ಉಪಾಯ. ಕಾಂಡ ಬಳುಕುವಂತಿದ್ದರೆ ಬಗ್ಗಿಸಿ ಅಡ್ಡಕ್ಕೆ ಕಟ್ಟಿ, ಮೇಲ್ಮುಖವಾದ ಮೊಗ್ಗುಗಳು ಸಾಲಾಗಿ ಏಳುತ್ತವೆ. ಬಲಿತ ಕಾಂಡವಾದರೆ, ಎಬ್ಬಿಸಬೇಕಾದ ಮೊಗ್ಗಿನ ಸ್ವಲ್ಪ ಮೇಲೆ, ತೊಗಟೆಯಷ್ಟೇ ಆಳಕ್ಕೆ ಚೂಪು ಬ್ಲೇಡಿನಿಂದ ಅಡ್ಡ ಕಚ್ಚು ಹಾಕಿ. ಸೇಬಿನ ಗಿಡಗಳಿಗೆ ಹೀಗೇ ಮಾಡ್ತಾರೆ. ಮೇಲಿಂದ ಇಳಿಯೋ ಆಕ್ಸಿನ್ ಹರಿವು ಆ ಜಾಗದಲ್ಲಿ ತುಂಡಾಗುತ್ತೆ. ಕಾಂಡದ ಸುತ್ತ ಪೂರ್ತಿ ಕಚ್ಚಬೇಡಿ, ಮೊಗ್ಗು ಇರುವ ಬದಿಗೆ ಮಾತ್ರ. ಬ್ಲೇಡ್ ಮೊದಲು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.