ವಲಸೆ ಬಂದ ಕಾರ್ಖಾನೆ ಕಾರ್ಮಿಕರಿಗೆ ನೆರವು: ಯಾವುದನ್ನು ಮೊದಲು ಹಿಡಿಯಬೇಕು?

ಪ್ರಶ್ನೆ

ಬೇರೆ ದೇಶಗಳಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಅರ್ಜಿ ಬರೆದುಕೊಡುವ, ಕಚೇರಿಗಳಿಗೆ ಜೊತೆಯಲ್ಲಿ ಹೋಗುವ ಕೆಲಸವನ್ನು ನಾವು ಕೆಲವರು ಮಾಡುತ್ತಿದ್ದೇವೆ. ತಿಂಗಳು ತಿಂಗಳೂ ಸಂಬಳದಲ್ಲಿ ವಿಮೆಯ ವಂತಿಗೆ ಕಡಿತವಾಗಿದ್ದರೂ, ಯಂತ್ರಕ್ಕೆ ಕೈ ಸಿಕ್ಕ ದಿನ ‘ಈತ ನಮ್ಮವನಲ್ಲ, ಗುತ್ತಿಗೆದಾರನ ಆಳು’ ಎಂದು ಕಾರ್ಖಾನೆಯವರು ಹೇಳುತ್ತಾರೆ. ಗುತ್ತಿಗೆದಾರ ಅಷ್ಟರಲ್ಲಿ ಫೋನ್ ಎತ್ತುವುದನ್ನೇ ನಿಲ್ಲಿಸಿರುತ್ತಾನೆ. ಚಿಕಿತ್ಸೆ, ಪರಿಹಾರ, ಪಿಂಚಣಿ ಎಲ್ಲವೂ ಒಟ್ಟಿಗೆ ಎದುರಾದಾಗ ಎಲ್ಲಿಂದ ಆರಂಭಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ದಾಖಲೆಗಳಿಂದ ಆರಂಭಿಸಿ, ಅದೂ ಅಪಘಾತಕ್ಕೆ ಮೊದಲೇ. ಸಂಬಳ ಚೀಟಿ, ಹಾಜರಿ ಪುಸ್ತಕದ ಪುಟ, ಗೇಟ್ ಪಾಸ್, ಬ್ಯಾಂಕ್ ಖಾತೆಯ ವಿವರ ಇವುಗಳ ಫೋಟೊ ಕಾರ್ಮಿಕರ ಬಳಿಯೂ ಅವರ ಮನೆಯವರ ಬಳಿಯೂ ಇರಲಿ. ಒಪ್ಪಂದ ಪತ್ರದಲ್ಲಿ ಏನೇ ಬರೆದಿರಲಿ, ಕೆಲಸ ಹೇಳಿದವರು ಯಾರು, ಸಂಬಳ ಕೊಟ್ಟವರು ಯಾರು ಎಂಬ ವಾಸ್ತವವನ್ನೇ ಮುಖ್ಯವಾಗಿ ನೋಡಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಶಿಫಾರಸು (ಸಂಖ್ಯೆ 198) ಹೇಳುತ್ತದೆ. ಗುತ್ತಿಗೆದಾರನ ನೆಪವನ್ನು ಎದುರಿಸಲು ಇದಕ್ಕಿಂತ ಗಟ್ಟಿಯಾದ ವಾದ ನನಗೆ ಕಂಡಿಲ್ಲ. ಮಾಲೀಕರು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅದನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಗಾಯಗೊಂಡವರ ವಿಷಯದಲ್ಲಿ ಕಾಗದಕ್ಕಾಗಿ ಕಾಯಬೇಡಿ. ವಾಸದ ಪರವಾನಗಿ ಮುಗಿದಿದೆ ಎಂಬ ಭಯದಿಂದ ಆಸ್ಪತ್ರೆಗೇ ಹೋಗದವರು ಅನೇಕರಿದ್ದಾರೆ. ಪರವಾನಗಿ ಇಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ ಎಂದು ವಲಸೆ ಕಾರ್ಮಿಕರ ಕುರಿತ ವಿಶ್ವಸಂಸ್ಥೆಯ 1990ರ ಒಡಂಬಡಿಕೆಯ 28ನೇ ವಿಧಿ ಹೇಳುತ್ತದೆ. ಅಪಘಾತ ಪರಿಹಾರದಲ್ಲಿ ವಿದೇಶಿ ಕಾರ್ಮಿಕರನ್ನು ಸ್ವದೇಶಿಯರಿಗೆ ಸಮಾನವಾಗಿ ಕಾಣಬೇಕೆಂಬ ನಿಯಮ ಇನ್ನೂ ಹಳೆಯದು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1925ರ ಒಡಂಬಡಿಕೆಯದು. ಆದರೆ ಈ ಒಡಂಬಡಿಕೆಗಳು ತಮ್ಮನ್ನು ಒಪ್ಪಿ ಅನುಮೋದಿಸಿದ ದೇಶಗಳನ್ನು ಮಾತ್ರ ಕಟ್ಟಿಹಾಕುತ್ತವೆ. ಆದ್ದರಿಂದ ನೀವಿರುವ ದೇಶ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಅರ್ಜಿಯಲ್ಲಿ ಉಲ್ಲೇಖಿಸಿ.

ಉತ್ತರ 3

ಪಿಂಚಣಿಯ ಮಾತು ಯಾರೂ ಎತ್ತಲಿಲ್ಲ. ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ವಂತಿಗೆ ಬೇಕೆಂದಿಟ್ಟುಕೊಳ್ಳಿ. ಒಂದು ದೇಶದಲ್ಲಿ ನಾಲ್ಕು, ಇನ್ನೊಂದರಲ್ಲಿ ಏಳು ವರ್ಷ ದುಡಿದವರಿಗೆ ಎರಡೂ ಕಡೆ ಏನೂ ಸಿಗದೆ ಹೋಗಬಹುದು. ಆ ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿದ್ದು, ಅದರಲ್ಲಿ ಅವಧಿಗಳನ್ನು ಕೂಡಿಸುವ ಅವಕಾಶವಿದ್ದರೆ ಹನ್ನೊಂದು ವರ್ಷವೆಂದು ಲೆಕ್ಕ ಹಾಕಿ, ಪ್ರತಿಯೊಂದು ದೇಶವೂ ತನ್ನ ಪಾಲನ್ನು ಕೊಡುತ್ತದೆ. ಒಪ್ಪಂದವಿಲ್ಲದಿದ್ದರೆ ಕಟ್ಟಿದ ಹಣ ಮರಳಿ ಬರುವುದೇ ಎಂಬುದನ್ನು ಕಾರ್ಮಿಕರು ಆ ದೇಶ ಬಿಡುವ ಮೊದಲೇ ವಿಮಾ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆಯಬೇಕು, ಏಕೆಂದರೆ ಹೊರಟುಹೋದ ಮೇಲೆ ದೂರದಿಂದ ಬರೆದ ಪತ್ರಕ್ಕೆ ಉತ್ತರ ಸಿಗುವುದು ಬಹಳ ಕಷ್ಟ.