ಗೆಣಸಿನ ಪಾತಿ ಎಲ್ಲಾ ಅಗೆದಾಕ್ತಿದೆ, ಹಂದಿನಾ ಏನಿದು?

ಕರಿಘಟ್ಟದ ಹಿತ್ತಲು:
ನಮ್ಮನೆ ಶ್ರೀರಂಗಪಟ್ಟಣದ ಹತ್ರ, ಕರಿಘಟ್ಟದ ಬುಡದಲ್ಲಿ. ಹಿಂದೆ 3 ಗುಂಟೆ ಹಿತ್ತಲಿದೆ, ಗೆಣಸು ಸುವರ್ಣಗಡ್ಡೆ ಹಾಕಿದೀನಿ ಜೊತೆಗೆ ಹೋದ್ವರ್ಷ ನೆಟ್ಟಿದ್ದು 4 ತೆಂಗಿನ ಸಸಿ. ಹದಿನೈದು ದಿನದಿಂದ ರಾತ್ರಿ ಏನೋ ಬಂದು ಗೆಣಸು ತೋಡಿ ತಿಂದೋಗ್ತಿದೆ, ಒಂದು ಸಸಿ ಬುಡನೇ ಕಡ್ದು ಮಲಗಿಸಿದೆ. 4 ಅಡಿ ಮೆಶ್ ಹಾಕ್ಸಿದೀನಿ, ಎಲ್ಲೂ ಹರಿದಿಲ್ಲ. ಅಮ್ಮ ಹಂದಿನೇ ಅಂತಾರೆ. ಹಗಲು ನವಿಲು ಕಾಟ ಬೇರೆ, ಟೊಮೆಟೊ ಒಂದೂ ಉಳ್ಸಲ್ಲ. ಏನ್ ಮಾಡ್ಲಿ?

ಪಾಂಡವಪುರದವ:
ಸುತ್ತ ಹಳೇ ಸೀರೆ ಕಟ್ಬುಡಿ, ಸೆಲೂನಿಂದ ಕೂದ್ಲು ತಂದು ಚೆಲ್ಲಿ, ನಮ್ ಕಡೆ ಎಲ್ಲಾ ಅಂಗೇ ಮಾಡದು. ಮಳೆ ಹುಯ್ದ್ರೆ ಮತ್ತೆ ತರ್ಬೇಕು ಅಷ್ಟೇಯ. ಅದ್ಕೂ ಬಗ್ಲಿಲ್ಲ ಅಂದ್ರೆ ರಾತ್ರಿ ಮೆಶ್‌ಗೆ ಕರೆಂಟ್ ಕೊಡಿ, ಒಂದೇ ದಿನಕ್ಕೆ ಬುದ್ಧಿ ಬತ್ತದೆ

ಲೈನ್‌ಮನ್ ಮಗ:
ಅಣ್ಣ ದಯವಿಟ್ಟು ಆ ಮಾತು ಆಡ್ಬೇಡಿ. ಮನೆ ಲೈನ್ 230 ವೋಲ್ಟ್ ಎಳೆದ್ರೆ ಹಂದಿ ಒಂದೇ ಅಲ್ಲ, ಬೆಳಗ್ಗೆ ಹೂ ಕೀಳೋಕೆ ಬಂದ ಅಜ್ಜಿನೂ ಹೋಗ್ಬಿಡ್ತಾರೆ, ಕೇಸೂ ಆಗುತ್ತೆ. ಸೋಲಾರ್ ಬೇಲಿ ಲೆಕ್ಕನೇ ಬೇರೆ, ಸುಮಾರು ಸೆಕೆಂಡಿಗೊಂದ್ ಸಲ ಚಟ್ ಅಂತ ಹೊಡ್ದು ಬಿಡುತ್ತೆ, ಹಿಡ್ಕೊಳಲ್ಲ. 3 ಗುಂಟೆಗೆ ಅದೂ ದಂಡ ಅನ್ಸುತ್ತೆ ನಂಗೆ.

ಮೇಲುಕೋಟೆ ರಸ್ತೆ:
ಮೊದ್ಲು ಯಾವ ಪ್ರಾಣಿ ಅಂತ ನೋಡಿ ಸ್ವಾಮಿ. ಹಂದಿ ಆಗಿದ್ರೆ ಪಾತಿ ಪೂರ್ತಿ ನೇಗಿಲು ಹೊಡ್ದಂಗೆ ಎದ್ದಿರುತ್ತೆ, ಗೊರಸಿನ ಗುರ್ತೂ ಇರುತ್ತೆ. ಮೆಶ್ ಹರಿದಿಲ್ಲ, ಸಸಿ ಬುಡ ಕಡಿದಿದೆ ಅಂದ್ರೆ ಮುಳ್ಳಂದಿ ಇರ್ಬೇಕು. ಹೆಸರಲ್ಲಷ್ಟೇ ಹಂದಿ, ಜಾತಿ ಇಲಿ ಜಾತಿ, ಮೆಶ್ ಅಡಿ ತೋಡ್ಕೊಂಡು ನುಗ್ಗುತ್ತೆ. ನಾವು ಮೆಶ್‌ನ 1 ಅಡಿ ಹೂತು, ತುದಿನ ಆಚೆ ಕಡೆಗೆ ಮಡಚಿ ಅದರ ಮೇಲೆ ಸೈಜುಗಲ್ಲು ಹೇರಿದ್ವಿ, ಆಮೇಲೆ ಬಂದಿಲ್ಲ. ಸಸಿ ಬುಡಕ್ಕೆ ತಗಡು ಸುತ್ತಿ. ನವಿಲು ಮುಟ್ಟೋಂಗಿಲ್ಲ, 1972ರ ವನ್ಯಜೀವಿ ಕಾಯ್ದೆಲಿ ಶೆಡ್ಯೂಲ್ 1ರಲ್ಲಿದೆ, ಟೊಮೆಟೊ ಮೇಲೆ ಬಲೆ ಹಾಕದೇ ದಾರಿ. ಬಿಗಿಯಾಗಿ ಎಳೆದು ಕಟ್ಟಿ, ಜೋಲು ಬಿಟ್ರೆ ಹಾವು ಸಿಕ್ಕಾಕೊಳ್ತವೆ, ಬಿಡಿಸೋ ಪಾಡು ಬೇಡ. ಆದಿಚುಂಚನಗಿರಿಲಿ ನವಿಲಿಗೇ ಅಂತ ಧಾಮ ಮಾಡವ್ರೆ, ಆದ್ರೂ ನಮ್ ಟೊಮೆಟೊನೇ ಬೇಕು ಅವಕ್ಕೆ 😀

ಕರಿಘಟ್ಟದ ಹಿತ್ತಲು:
ಈಗ ಟಾರ್ಚ್ ತಗೊಂಡೋಗಿ ನೋಡ್ಬಂದೆ, ಸೀಬೆ ಮರದ ಹಿಂದೆ ಮೆಶ್ ಅಡಿ ತೂತು, ಪಕ್ಕದಲ್ಲೇ ಕಪ್ಪು ಬಿಳಿ ಮುಳ್ಳು ಒಂದು ಬಿದ್ದಿತ್ತು. ಅಮ್ಮಂಗೆ ತೋರಿಸ್ದೆ, ಮುಳ್ಳಂದಿನೂ ಹಂದಿನೇ ಅಲ್ವೇನೋ ಅಂತಾರೆ. ಸೈಜುಗಲ್ಲು ಒಂದು ಟ್ರ್ಯಾಕ್ಟರ್ ಲೋಡ್ ಸಾಕಾಗುತ್ತಾ?